ಕೈಗೂಸಿನೊಡನೆ ಜಾತ್ರೆ ಮತ್ತು ಪ್ರಯಾಣ



ಸುಗ್ಗಿ ಮುಗಿಯಿತೆಂದರೆ ನಮ್ಮ ನಾಡಿನಲ್ಲಿ ಜಾತ್ರೆಗಳ ಕಾಲ. ಬಾದಾಮಿಯ ಬನಶಂಕರಿಯಲ್ಲಿ ಬನದ ಹುಣ್ಣಿಮೆ, ಮೈಲಾರದಲ್ಲಿ ಭರತ ಹುಣ್ಣಿಮೆ, ಮಲೆ ಮಹದೇಶ್ವರನ ಬೆಟ್ಟದಲ್ಲಿ ಶಿವರಾತ್ರಿ ಮತ್ತು ಯುಗಾದಿ. ಇವಲ್ಲದೆ ಊರೂರಿನ ತೇರು, ಮದುವೆ, ನಾಮಕರಣ, ತವರಿನ ಹಬ್ಬ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ನಮ್ಮ ರಾಜ್ಯದ ಮಹಿಳೆಯರಿಗೆ ಟಿಕೆಟ್ಟಿನ ಹಣದ ಚಿಂತೆಯೂ ಇಲ್ಲವಾಗಿದೆ. ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಹೆಚ್ಚಾಗಿ ಪ್ರಯಾಣ ಮಾಡುತ್ತಿದ್ದಾರೆ. ಇದು ಸಂತೋಷದ ವಿಷಯ. ಮಗು ಹುಟ್ಟಿತೆಂದು ತಾಯಿಯಾದವಳು ವರ್ಷಗಟ್ಟಲೆ ಮನೆಯೊಳಗೇ ಇರಬೇಕೆಂದು ಯಾವ ವೈದ್ಯನೂ ಹೇಳುವುದಿಲ್ಲ. ಆದರೆ ಕೈಗೂಸಿನೊಡನೆ ಹೊರಡುವುದೆಂದರೆ ಅದಕ್ಕೆ ತಕ್ಕ ಸಿದ್ಧತೆ ಇರತಕ್ಕದ್ದು. ಆ ಸಿದ್ಧತೆ ತಾಯಿಯೊಬ್ಬಳದೇ ಅಲ್ಲ, ತಂದೆಯದೂ ಹೌದು. ಈ ದಿನ ನಾನು ಹೇಳಬಯಸುವುದು ಮುಖ್ಯವಾಗಿ ಇದನ್ನೇ.

ನಾನು ಸರ್ಕಾರಿ ಸೇವೆಗೆ ಸೇರಿದ ಮೊದಲ ವರ್ಷದಲ್ಲಿ ನಡೆದ ಒಂದು ಸಂಗತಿಯನ್ನು ನಿಮ್ಮ ಮುಂದಿಡುತ್ತೇನೆ. ಒಂದು ಸಂಜೆ ಐದು ತಿಂಗಳ ಹೆಣ್ಣುಮಗುವೊಂದನ್ನು ಆಸ್ಪತ್ರೆಗೆ ತಂದರು. ಮೂರು ದಿನಗಳ ಹಿಂದೆ ಕುಟುಂಬವೆಲ್ಲ ಜಾತ್ರೆಗೆ ಹೋಗಿ ಬಂದಿತ್ತು. ಮರುದಿನದಿಂದಲೇ ಮಗುವಿಗೆ ಭೇದಿ. ಹೊಟ್ಟೆಗೆ ವಿಶ್ರಾಂತಿ ಬೇಕೆಂದು ಮನೆಯವರು ಎದೆಹಾಲನ್ನೂ ನಿಲ್ಲಿಸಿದ್ದರು. ನಾನು ನೋಡಿದಾಗ ಮಗುವಿನ ಕಣ್ಣುಗಳು ಗುಳಿಬಿದ್ದಿದ್ದವು. ಅಳುವುದಕ್ಕೂ ಅದಕ್ಕೆ ಶಕ್ತಿ ಇರಲಿಲ್ಲ. ಹೊಟ್ಟೆಯ ಚರ್ಮವನ್ನು ಎರಡು ಬೆರಳುಗಳಿಂದ ಹಿಡಿದು ಬಿಟ್ಟರೆ ಮಡಿಕೆ ಹಾಗೆಯೇ ನಿಲ್ಲುತ್ತಿತ್ತು. ಕೂಡಲೇ ಚಿಕಿತ್ಸೆ ಆರಂಭಿಸಿ, 108 ವಾಹನದಲ್ಲಿ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಮಗು ಉಳಿಯಿತು.

ಭೇದಿಗೆ ಕಾರಣವೇನೆಂದು ವಿಚಾರಿಸಿದಾಗ, ಜಾತ್ರೆಯ ದಿನ ಮಗುವಿಗೆ ಎದೆಹಾಲಿನ ಬದಲು ಬಾಟಲಿಯಲ್ಲಿ ಹಸುವಿನ ಹಾಲು ಕುಡಿಸಿದ್ದರೆಂದೂ, ಬಿಸಿಲಿನಲ್ಲಿ ಹಾಲು ಗಟ್ಟಿಯಾದೀತೆಂದು ಅಂಗಡಿಯೊಂದರ ನೀರನ್ನು ಬೆರೆಸಿದ್ದರೆಂದೂ ತಿಳಿಯಿತು. ನಾನು ಕೋಪದಿಂದ ಆ ತಾಯಿಯನ್ನು ಗದರಿಸಿದೆ. "ಎದೆಯಲ್ಲಿ ಹಾಲಿರುವಾಗ ಬಾಟಲಿ ಏಕೆ ಕೊಟ್ಟೆಯಮ್ಮ?" ಎಂದು ಕೇಳಿದೆ. ಆಕೆ ತಲೆ ತಗ್ಗಿಸಿಕೊಂಡೇ ಉತ್ತರಿಸಿದಳು: "ಎಲ್ಲಿ ಕೂತ್ಕಂಡು ಕುಡಿಸ್ಲಿ ಸಾರ್? ಸುತ್ತ ಬರೀ ಗಂಡಸರು. ಇವರು ತೇರಿನ ಹತ್ರ ಹೋಗಿದ್ರು."

ಆಕೆಯ ಪತಿ ಅಲ್ಲಿಯೇ ಗೋಡೆಗೆ ಒರಗಿ ನಿಂತಿದ್ದರು. ಅವರೂ ಮಾತನಾಡಲಿಲ್ಲ, ನಾನೂ ಮಾತನಾಡಲಿಲ್ಲ. ನಾನು ಗದರಿಸಿದ್ದು ತಪ್ಪು ವ್ಯಕ್ತಿಯನ್ನು ಎಂಬುದು ಆಗ ನನಗೆ ಅರಿವಾಯಿತು. ಅಂದಿನಿಂದ ಈ ವಿಷಯದ ಬಗ್ಗೆ ಮಾತನಾಡುವಾಗಲೆಲ್ಲ ತಂದೆಯೂ ಎದುರಿಗೆ ಇರಬೇಕೆಂದು ನಾನು ಕೇಳಿಕೊಳ್ಳುತ್ತೇನೆ.

ಹೊರಡುವ ಮುನ್ನ

ಬಾಣಂತನದ ದಿನಗಳಲ್ಲಿ ತಾಯಿಯನ್ನೂ ಕೂಸನ್ನೂ ಜನಸಂದಣಿಗೆ ಒಯ್ಯಬಾರದೆಂಬುದು ನಮ್ಮ ಹಿರಿಯರ ಪದ್ಧತಿ. ಇದು ಒಳ್ಳೆಯ ಪದ್ಧತಿ. ಎರಡು ತಿಂಗಳೊಳಗಿನ ಕೂಸಿಗೆ ಕೆಮ್ಮು, ಜ್ವರ ಅಂಟಿದರೆ ಬೇಗನೆ ಉಲ್ಬಣಿಸುತ್ತದೆ. ತೂಕ ಕಡಿಮೆ ಇದ್ದು ಹುಟ್ಟಿದ ಮಗುವಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರಿಕೆ ಅಗತ್ಯ. ಆಸ್ಪತ್ರೆಗೆ ಅಥವಾ ಲಸಿಕೆಗೆ ಹೋಗುವುದು ಬೇರೆ ಮಾತು. ಅದನ್ನು ಯಾವ ಕಾರಣಕ್ಕೂ ತಪ್ಪಿಸಕೂಡದು. ಆದರೆ ಜಾತ್ರೆಯ ನೂಕುನುಗ್ಗಲನ್ನು ಆ ಎರಡು ತಿಂಗಳು ಮುಂದೂಡುವುದರಿಂದ ನಷ್ಟವೇನೂ ಇಲ್ಲ.

ಲಸಿಕೆಗಳು ಕಾಲಕ್ಕೆ ಸರಿಯಾಗಿ ಆಗಿವೆಯೇ ಎಂಬುದನ್ನು ತಾಯಿ ಕಾರ್ಡಿನಲ್ಲಿ ನೋಡಿಕೊಳ್ಳಿ. ಹುಟ್ಟಿದಾಗ, ಒಂದೂವರೆ ತಿಂಗಳಿಗೆ, ಎರಡೂವರೆ ತಿಂಗಳಿಗೆ, ಮೂರೂವರೆ ತಿಂಗಳಿಗೆ, ಒಂಬತ್ತು ತಿಂಗಳು ತುಂಬಿದಾಗ, ಮತ್ತೆ ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಎಂದು ನೆನಪಿಡಿ. ದಡಾರದ ಲಸಿಕೆಯ ಮೊದಲ ವರಸೆ ದೊರೆಯುವುದು ಒಂಬತ್ತು ತಿಂಗಳು ತುಂಬಿದ ಮೇಲೆ. ಅಲ್ಲಿಯವರೆಗೆ ದಡಾರ ಎದ್ದಿರುವ ಊರಿಗೆ ಕೂಸನ್ನು ಒಯ್ಯಬಾರದು. ತವರಿನಲ್ಲಿ ಹೆಚ್ಚು ದಿನ ಉಳಿಯುವುದಾದರೆ ತಾಯಿ ಕಾರ್ಡನ್ನು ಜೊತೆಗೆ ಒಯ್ಯಿರಿ. ಯಾವ ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿಯಾದರೂ ಲಸಿಕೆ ಉಚಿತವಾಗಿ ದೊರೆಯುತ್ತದೆ.

ಚೀಲದಲ್ಲಿ ಇರಬೇಕಾದ ವಸ್ತುಗಳು ಹೆಚ್ಚೇನಲ್ಲ. ಒಗೆದು ಬಿಸಿಲಿನಲ್ಲಿ ಒಣಗಿಸಿದ ಹತ್ತಿಬಟ್ಟೆಯ ತುಂಡುಗಳು, ಕುಲಾವಿ, ಒಂದು ದೊಡ್ಡ ಪಂಚೆ ಅಥವಾ ಹಳೆಯ ಸೀರೆ, ಸಾಬೂನು, ಕುದಿಸಿ ಆರಿಸಿದ ನೀರು ತುಂಬಿದ ಮುಚ್ಚಳವಿರುವ ಸ್ಟೀಲ್ ಪಾತ್ರೆ, ಒಂದು ಲೋಟ, ಚಮಚ, ಮತ್ತು ಎರಡು ಓಆರ್‌ಎಸ್ ಪೊಟ್ಟಣಗಳು. ಓಆರ್‌ಎಸ್ ಪೊಟ್ಟಣವನ್ನು ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಉಚಿತವಾಗಿ ಕೊಡುತ್ತಾರೆ. ಈ ಚೀಲವನ್ನು ಹೊರುವ ಕೆಲಸ ತಂದೆಯದು. ಮಗುವನ್ನು ಹೊತ್ತವಳ ಮೇಲೆ ಚೀಲವನ್ನೂ ಹೊರಿಸುವುದು ನ್ಯಾಯವಲ್ಲ.

ಮಗುವಿನ ಬುತ್ತಿ

ನಾವು ದೂರ ಪ್ರಯಾಣಕ್ಕೆ ಬುತ್ತಿ ಕಟ್ಟಿಕೊಳ್ಳುತ್ತೇವೆ. ಆರು ತಿಂಗಳೊಳಗಿನ ಕೂಸಿನ ಬುತ್ತಿಯನ್ನು ಪ್ರಕೃತಿಯೇ ತಾಯಿಯ ಎದೆಯಲ್ಲಿ ಕಟ್ಟಿಟ್ಟಿದೆ. ಅದು ಹಳಸುವುದಿಲ್ಲ, ಅದನ್ನು ಕಾಯಿಸಬೇಕಾಗಿಲ್ಲ, ಅದಕ್ಕೆ ಪಾತ್ರೆ ಬೇಕಿಲ್ಲ, ನೊಣ ಕೂರುವುದಿಲ್ಲ. ಬೇಸಿಗೆಯಲ್ಲಿ ಮಗುವಿಗೆ ಬಾಯಾರುತ್ತದೆಂದು ನೀರು ಕುಡಿಸುವ ರೂಢಿ ಇದೆ. ಇದು ಬೇಡ. ಎದೆಹಾಲಿನಲ್ಲಿ ನೂರಕ್ಕೆ ಸುಮಾರು 88 ಭಾಗ ನೀರೇ ಇರುತ್ತದೆ. ಸೆಕೆ ಹೆಚ್ಚಿದ್ದರೆ ಇನ್ನೂ ಎರಡು ಬಾರಿ ಹೆಚ್ಚಾಗಿ ಹಾಲೂಡಿಸಿದರೆ ಸಾಕು. ಆರು ತಿಂಗಳವರೆಗೆ ನೀರು, ಜೇನುತುಪ್ಪ, ಸಕ್ಕರೆ ನೀರು, ಪಾನಕ, ತೀರ್ಥ ಯಾವುದನ್ನೂ ಕೊಡಕೂಡದು. ತೀರ್ಥವನ್ನು ಮಗುವಿನ ಹಣೆಗೆ ಸವರಿದರೂ ಭಕ್ತಿಗೆ ಕೊರತೆಯಾಗದು. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವವರೆಗೆ ನೆಕ್ಕಿಸಲೇಬಾರದು. ಅಪರೂಪಕ್ಕೆ ಅದರಲ್ಲಿರುವ ರೋಗಾಣುವಿನಿಂದ ಕೂಸಿನ ಸ್ನಾಯುಗಳು ಬಲಗುಂದುವ ಗಂಡಾಂತರದ ಕಾಯಿಲೆ ಬರುತ್ತದೆ.

ಹಾಲು ಕುಡಿಸುವ ಬಾಟಲಿಯನ್ನು ಪ್ರಯಾಣದಲ್ಲಿ ಶುಚಿಯಾಗಿಡುವುದು ಯಾರಿಗೂ ಸಾಧ್ಯವಲ್ಲ. ಅದರ ರಬ್ಬರಿನ ತೊಟ್ಟಿನ ಸಂದಿಯಲ್ಲಿ ಹಾಲಿನ ಪಸೆ ಉಳಿಯುತ್ತದೆ. ಬಿಸಿಲಿನ ಶಾಖಕ್ಕೆ ಅಲ್ಲಿ ರೋಗಾಣುಗಳು ಬೇಗನೆ ಬೆಳೆಯುತ್ತವೆ. ಬಾಟಲಿ ಮತ್ತು ಡಬ್ಬಿಹಾಲಿನ ಜಾಹೀರಾತನ್ನು ನಮ್ಮ ದೇಶದ ಕಾನೂನು 1992ರಲ್ಲಿಯೇ ನಿಷೇಧಿಸಿದೆ. ಕಾರಣಾಂತರದಿಂದ ಮೇಲುಹಾಲು ಕೊಡಲೇಬೇಕಾದ ಮಗುವಿಗೆ ವೈದ್ಯರ ಸಲಹೆಯಂತೆ ಲೋಟ, ಚಮಚ ಅಥವಾ ಅಜ್ಜಿಯರ ಕಾಲದ ಒಳಲೆಯಲ್ಲಿ ಕೊಡಿ. ಇವನ್ನು ಉಜ್ಜಿ ತೊಳೆದು ಕುದಿಸುವುದು ಸುಲಭ.

ಈಗ ಆ ತಾಯಿ ಕೇಳಿದ ಪ್ರಶ್ನೆಗೆ ಬರೋಣ. ಎಲ್ಲಿ ಕುಳಿತು ಕುಡಿಸಬೇಕು? ಇದಕ್ಕೆ ಉತ್ತರ ಹುಡುಕಬೇಕಾದವನು ಪತಿ. ಜಾತ್ರೆಯ ಬಯಲಿಗೆ ಕಾಲಿಟ್ಟೊಡನೆ ಮಾಡಬೇಕಾದ ಮೊದಲ ಕೆಲಸವೆಂದರೆ ಜನಸಂದಣಿಯಿಂದ ದೂರವಾಗಿ ನೆರಳಿರುವ ಒಂದು ಸ್ಥಳವನ್ನು ಗೊತ್ತುಮಾಡುವುದು. ಮರದ ಬುಡ, ಛತ್ರದ ಪಡಸಾಲೆ, ಪರಿಚಯದವರ ಮನೆ, ಏನೂ ಇಲ್ಲವೆಂದರೆ ಗಾಡಿಯ ಮರೆ. ಅಲ್ಲಿ ಪಂಚೆ ಹಾಸಿ, ಸೀರೆಯನ್ನು ಅಡ್ಡ ಕಟ್ಟಿ, ಎರಡು ಮೂರು ಗಂಟೆಗೊಮ್ಮೆ, ಅಥವಾ ಮಗು ಹಸಿವಿನ ಸೂಚನೆ ತೋರಿದಾಗಲೆಲ್ಲ ತಾಯಿ ಬಂದು ಕುಳಿತುಕೊಳ್ಳುವಂತೆ ನೋಡಿಕೊಳ್ಳಿ. ಆ ಹೊತ್ತಿನಲ್ಲಿ ನೀವು ಸಮೀಪದಲ್ಲಿಯೇ ಇರಿ. ಕೆಲವು ದೊಡ್ಡ ಬಸ್ ನಿಲ್ದಾಣಗಳಲ್ಲಿ ಹಾಲೂಡಿಸುವ ತಾಯಂದಿರಿಗಾಗಿ ಕೊಠಡಿಗಳಿವೆ, ವಿಚಾರಿಸಿ. ಬಸ್ಸಿನಲ್ಲಿ ಪತ್ನಿಗೆ ಕಿಟಕಿಯ ಪಕ್ಕದ ಸ್ಥಳ ಕೊಟ್ಟು, ಈಚೆಗೆ ನೀವು ಕುಳಿತರೆ ಆಕೆ ಸೆರಗಿನ ಮರೆಯಲ್ಲಿ ಸಂಕೋಚವಿಲ್ಲದೆ ಹಾಲೂಡಿಸಬಲ್ಲಳು. ಮಗುವಿಗೆ ಹಾಲೂಡಿಸುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ನಾಚಿಕೆ ಪಡಬೇಕಾದವರು ತಿರುಗಿ ನೋಡುವವರು.

ಆರು ತಿಂಗಳು ತುಂಬಿದ ಮಗುವಿಗೆ

ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನೊಡನೆ ಮೆತ್ತನೆಯ ಆಹಾರವೂ ಬೇಕು. ಜಾತ್ರೆಯ ದಿನವೆಂದು ಅದನ್ನು ತಪ್ಪಿಸಬಾರದು. ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಬಾರಿ, ಎರಡು ಮೂರು ಚಮಚಗಳಿಂದ ಆರಂಭಿಸಿ ಕ್ರಮೇಣ ಅರ್ಧ ಬಟ್ಟಲಿಗೆ ಏರಿಸಬೇಕು. ಒಂಬತ್ತರಿಂದ ಹನ್ನೊಂದು ತಿಂಗಳವರೆಗೆ ಅರ್ಧ ಬಟ್ಟಲಿನಂತೆ ಮೂರು ನಾಲ್ಕು ಬಾರಿ. ವರ್ಷ ತುಂಬಿದ ಮೇಲೆ ಮುಕ್ಕಾಲರಿಂದ ಒಂದು ಬಟ್ಟಲಿನಂತೆ ಮೂರು ನಾಲ್ಕು ಬಾರಿ ಕೊಡಬೇಕು. ಬಟ್ಟಲೆಂದರೆ ಸುಮಾರು 250 ಮಿಲಿಲೀಟರ್ ಹಿಡಿಯುವಂಥದ್ದು.

ಪ್ರಯಾಣಕ್ಕೆ ಬಹಳ ಅನುಕೂಲವಾದುದು ಮೊಳಕೆ ಕಟ್ಟಿದ ರಾಗಿಯ ಹಿಟ್ಟು. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿದ ಹಿಟ್ಟಿನಿಂದ ಮಾಡಿದ ಸರಿ ಅಂಟಂಟಾಗುವುದಿಲ್ಲ. ಮೊಳಕೆಯಲ್ಲಿ ಉಂಟಾಗುವ ಕಿಣ್ವಗಳು ಪಿಷ್ಟವನ್ನು ಸಡಿಲಗೊಳಿಸುವುದರಿಂದ ಕಡಿಮೆ ನೀರಿನಲ್ಲಿ ಹೆಚ್ಚು ಹಿಟ್ಟು ಹಾಕಿದರೂ ಮಗು ಸುಲಭವಾಗಿ ನುಂಗುತ್ತದೆ. ಸಣ್ಣ ಹೊಟ್ಟೆಗೆ ಹೆಚ್ಚು ಶಕ್ತಿ ಸೇರುತ್ತದೆ. ಆದರೆ ಬೇಯಿಸಿದ ಸರಿಯನ್ನು ಬೆಳಗಿನಿಂದ ಸಂಜೆಯವರೆಗೆ ಇಟ್ಟುಕೊಳ್ಳುವಂತಿಲ್ಲ. ಎರಡು ಗಂಟೆ ಮೀರಿದುದನ್ನು ಮಗುವಿಗೆ ಕೊಡಬೇಡಿ. ಹಿಟ್ಟನ್ನು ಒಯ್ದು ಬೇಕಾದಾಗ ಬೇಯಿಸಿಕೊಳ್ಳುವುದು ಲೇಸು. ಬಾಳೆಹಣ್ಣು ಎಲ್ಲ ಕಡೆಯೂ ದೊರೆಯುತ್ತದೆ, ಸಿಪ್ಪೆಯೊಳಗೆ ಶುಚಿಯಾಗಿರುತ್ತದೆ. ಕೈತೊಳೆದುಕೊಂಡು ನುರಿದು ತಿನ್ನಿಸಬಹುದು. ದಾಸೋಹದ ಊಟದಲ್ಲಿ ಬಿಸಿ ಅನ್ನಕ್ಕೆ ಖಾರ ಬೆರೆಸದ ಬೇಳೆಯ ಕಟ್ಟು, ಸ್ವಲ್ಪ ತುಪ್ಪ ಹಾಕಿ ಚೆನ್ನಾಗಿ ಮಿದ್ದು ಕೊಡಬಹುದು. ಐಸ್ ಕ್ಯಾಂಡಿ, ಕಬ್ಬಿನ ಹಾಲು, ತೆರೆದಿಟ್ಟ ಹಣ್ಣಿನ ಹೋಳು, ಬಣ್ಣದ ಮಿಠಾಯಿ ಇವು ಕೂಸಿಗೆ ಸಲ್ಲವು.

ಜಾತ್ರೆಯ ತಿನಿಸಿನಲ್ಲಿ ಇನ್ನೊಂದು ಅಪಾಯವಿದೆ. ಕಡಲೆಕಾಯಿ ಬೀಜ, ಹುರಿಗಡಲೆ, ಕಡಲೆಪುರಿ, ಕಲ್ಲುಸಕ್ಕರೆ ಇವನ್ನು ಪ್ರೀತಿಯಿಂದ ಮಗುವಿನ ಕೈಗೆ ಕೊಡುವವರುಂಟು. ಕಡಲೆಕಾಯಿ ಬೀಜವೊಂದು ಉಸಿರಿನ ನಾಳಕ್ಕೆ ಸಿಕ್ಕಿದರೆ ನಿಮಿಷಗಳಲ್ಲಿ ಪ್ರಾಣಕ್ಕೆ ಎರವಾಗಬಹುದು. ಒಡೆದ ಬಲೂನಿನ ತುಂಡೂ ಹಾಗೆಯೇ. ವರ್ಷದೊಳಗಿನ ಕೂಸಿಗೆ ಏನಾದರೂ ಸಿಕ್ಕಿಕೊಂಡು ಅಳುವುದಕ್ಕೂ ಕೆಮ್ಮುವುದಕ್ಕೂ ಆಗದಿದ್ದರೆ, ಅದನ್ನು ಮುಂಗೈಯ ಮೇಲೆ ಬೋರಲಾಗಿ, ತಲೆ ಕೆಳಗಾಗುವಂತೆ ಮಲಗಿಸಿ, ಹೆಗಲಿನ ಎಲುಬುಗಳ ನಡುವೆ ಅಂಗೈಯ ಬುಡದಿಂದ 5 ಬಾರಿ ಬಲವಾಗಿ ತಟ್ಟಬೇಕು. ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ 5 ಬಾರಿ ಒತ್ತಬೇಕು. ವಸ್ತು ಹೊರಬರುವವರೆಗೆ ಹೀಗೆ ಒಂದಾದ ಮೇಲೊಂದು ಮಾಡುತ್ತಿರಬೇಕು. ಆ ವೇಳೆಗೆ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಕಣ್ಣಿಗೆ ಕಾಣದ ವಸ್ತುವನ್ನು ಬೆರಳು ಹಾಕಿ ಹುಡುಕಬಾರದು. ಅದು ಇನ್ನೂ ಒಳಕ್ಕೆ ಸರಿದೀತು.

ದಾರಿಯಲ್ಲಿ ಮತ್ತು ತೇರಿನ ಬೀದಿಯಲ್ಲಿ

ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಊರಿಗೆ ಊರೇ ಕುಳಿತು ಹೋಗುವುದು ನೋಡುವುದಕ್ಕೆ ಚೆಂದ. ಆದರೆ ಅದು ಸರಕು ಸಾಗಿಸುವ ಗಾಡಿ. ತಿರುವಿನಲ್ಲಿ ಮಗುಚಿದರೆ ಮೊದಲು ಜಾರಿ ಬೀಳುವುದು ಕೈಯಲ್ಲಿರುವ ಕೂಸು. ಬಸ್ಸಿನಲ್ಲಿಯೇ ಹೋಗಿ. ಬೈಕಿನಲ್ಲಿ ಗಂಡ ಹೆಂಡತಿಯ ನಡುವೆ ಕೂಸನ್ನು ಅಮುಕಿಕೊಂಡು ಹೋಗುವುದೂ ಕ್ಷೇಮವಲ್ಲ. 2023ರ ಫೆಬ್ರವರಿಯಿಂದ ಜಾರಿಗೆ ಬಂದಿರುವ ಕೇಂದ್ರದ ನಿಯಮದಂತೆ ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ಶಿರಸ್ತ್ರಾಣವನ್ನೂ, ಮಗುವನ್ನು ಸವಾರನಿಗೆ ಸೇರಿಸಿ ಕಟ್ಟುವ ಸುರಕ್ಷಾ ಪಟ್ಟಿಯನ್ನೂ ಹಾಕತಕ್ಕದ್ದು. ವೇಗ ಗಂಟೆಗೆ 40 ಕಿಲೋಮೀಟರ್ ಮೀರಕೂಡದು. ಅದಕ್ಕಿಂತ ಎಳೆಯ ಕೂಸಿನ ಕುತ್ತಿಗೆ ಮತ್ತು ಬೆನ್ನಿಗೆ ಬೈಕಿನ ಸವಾರಿಯನ್ನು ತಾಳುವ ಬಲವಿರುವುದಿಲ್ಲ.

ರಥೋತ್ಸವದ ಸಮಯದಲ್ಲಿ ಮಗುವನ್ನು ಎತ್ತಿಕೊಂಡವರು ತೇರಿನ ಬೀದಿಯಿಂದ ದೂರವಿರಬೇಕು. ನೂಕುನುಗ್ಗಲು ಒಂದು ಕಡೆ, ಧ್ವನಿವರ್ಧಕದ ಅಬ್ಬರ ಇನ್ನೊಂದು ಕಡೆ. ತೇರಿಗೆ ಎಸೆಯುವ ಹಣ್ಣು ಜವನದ ಬಾಳೆಹಣ್ಣು ದೊಡ್ಡವರ ತಲೆಗೆ ಬಿದ್ದರೆ ನಗು. ಕೂಸಿನ ನೆತ್ತಿಗೆ ಬಿದ್ದರೆ ನಗುವ ವಿಷಯವಲ್ಲ. ಕೂಸಿನ ಕೊರಳಿನ ದಾರ, ಸರ, ಬಟ್ಟೆಗೆ ಚುಚ್ಚಿದ ಪಿನ್ನು ಇವನ್ನು ಮನೆಯಲ್ಲಿಯೇ ತೆಗೆದಿಟ್ಟು ಬನ್ನಿ. ನಡೆಯುವ ಮಗುವಾದರೆ ತಂದೆಯ ದೂರವಾಣಿ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಅಂಗಿಯ ಜೇಬಿನಲ್ಲಿಡಿ.

ಇನ್ನು ತಾಯಿಯ ಊಟ. ಹಾಲೂಡಿಸುವ ತಾಯಿಗೆ ಬೇರೆಯವರಿಗಿಂತ ಹೆಚ್ಚು ಹಸಿವು, ಹೆಚ್ಚು ಬಾಯಾರಿಕೆ. ನಮ್ಮ ಮನೆಗಳಲ್ಲಿ ಆಗುವುದೇನು? ಜಾತ್ರೆಯ ದಿನ ಪೂಜೆಯಾಗಲಿ, ಗಂಡಸರ ಪಂಕ್ತಿ ಏಳಲಿ ಎಂದು ಆಕೆ ಮಧ್ಯಾಹ್ನ ಮೂರು ಗಂಟೆಯವರೆಗೆ ಉಪವಾಸವಿರುತ್ತಾಳೆ. ಊಟಕ್ಕೆ ಕುಳಿತಾಗಲೂ ಮಗು ತೊಡೆಯ ಮೇಲೆ. ಸ್ನೇಹಿತರೇ, ಆ ದಿನ ಪತ್ನಿ ಮೊದಲನೆಯ ಪಂಕ್ತಿಯಲ್ಲಿ ಊಟ ಮಾಡಲಿ. ಆಕೆ ಉಂಡು ಕೈತೊಳೆಯುವವರೆಗೆ ಮಗು ನಿಮ್ಮ ತೋಳಿನಲ್ಲಿರಲಿ. ಯಾರಾದರೂ ನಕ್ಕರೆ ನಗಲಿ.

ಭೇದಿ ಆರಂಭವಾದರೆ

ಇಷ್ಟೆಲ್ಲ ಎಚ್ಚರಿಕೆ ವಹಿಸಿದರೂ ಭೇದಿ ಬರಬಹುದು. ಆಗ ಮಗುವಿಗೆ ಅಪಾಯ ತರುವುದು ಮೈಯಿಂದ ನೀರೂ ಲವಣವೂ ಹೊರಟುಹೋಗುವುದು. ಹೋದುದನ್ನು ತುಂಬಿಕೊಟ್ಟರೆ ಮಗು ಉಳಿಯುತ್ತದೆ.

1971ರಲ್ಲಿ ಬಾಂಗ್ಲಾದೇಶದ ವಿಮೋಚನಾ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ದ್ರವ ಸಾಲದಾಯಿತು. ಆಗ ಡಾ. ದಿಲೀಪ್ ಮಹಲನಬೀಸ್ ಅವರು ಗ್ಲೂಕೋಸ್, ಉಪ್ಪು, ಅಡಿಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಲೋಟಗಳಲ್ಲಿ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅಲ್ಲಿ ಪ್ರಾಣ ಉಳಿಸಿದವರು ತಾಯಿ, ತಂದೆ, ಅಣ್ಣ, ಅಕ್ಕಂದಿರು. ಆ ಕೆಲಸ ನಿಮ್ಮಿಂದಲೂ ಆಗುತ್ತದೆ.

ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಓಆರ್‌ಎಸ್‌ನ ದೊಡ್ಡ ಪೊಟ್ಟಣವೊಂದನ್ನು ಪೂರ್ತಿಯಾಗಿ ಹಾಕಿ ಕಲಕಿ. ಅರ್ಧ ಪೊಟ್ಟಣ, ಅರ್ಧ ನೀರು ಎಂದು ಅಂದಾಜು ಮಾಡಬೇಡಿ. ಅಂಗಡಿಯಲ್ಲಿ ಸಣ್ಣ ಪೊಟ್ಟಣವನ್ನು ಕೊಂಡರೆ ಅದರ ಮೇಲೆ ಬರೆದಿರುವಷ್ಟೇ ನೀರು ಸೇರಿಸಿ. ಬಣ್ಣದ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ಅಂದರೆ ಕಾಲು ಲೋಟದಿಂದ ಅರ್ಧ ಲೋಟ, ಚಮಚ ಚಮಚವಾಗಿ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಕೊಡಿ. ಕಲಸಿದ ದ್ರಾವಣವನ್ನು 24 ಗಂಟೆಗಳ ನಂತರ ಚೆಲ್ಲಿಬಿಡಿ. ಪೊಟ್ಟಣ ಸಿಗದ ಸ್ಥಳದಲ್ಲಿ, ಸಿಗುವವರೆಗೆ, ಒಂದು ಲೀಟರ್ ನೀರಿಗೆ ಮಟ್ಟಸವಾಗಿ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಹಾಕಿಕೊಳ್ಳಬಹುದು, ಉಪ್ಪು ಹೆಚ್ಚಾಗಬಾರದು. ಎದೆಹಾಲನ್ನು ನಿಲ್ಲಿಸಲೇಬೇಡಿ, ಇನ್ನೂ ಹೆಚ್ಚಾಗಿ ಕೊಡಿ. ಆರೋಗ್ಯ ಕೇಂದ್ರದಲ್ಲಿ ಕೊಡುವ ಜಿಂಕ್ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಪೂರ್ತಿ ಕೊಡಬೇಕು: ಎರಡರಿಂದ ಆರು ತಿಂಗಳ ಕೂಸಿಗೆ ಅರ್ಧ ಮಾತ್ರೆ, ಅದಕ್ಕೆ ಮೇಲ್ಪಟ್ಟ ಮಗುವಿಗೆ ಒಂದು ಮಾತ್ರೆ.

ಮಗು ಹಾಲು ಕುಡಿಯಲಾರದಾದರೆ, ಕಣ್ಣು ಗುಳಿಬಿದ್ದರೆ, ಮಂಕಾಗಿ ಎಚ್ಚರ ತಪ್ಪಿದಂತಿದ್ದರೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ, ಫಿಟ್ಸ್ ಬಂದರೆ, ಉಸಿರಾಡುವಾಗ ಪಕ್ಕೆ ಒಳಕ್ಕೆ ಸೆಳೆದರೆ, ಅಥವಾ ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ, ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಕರೆ ಮಾಡಿ. ದಾರಿಯುದ್ದಕ್ಕೂ ಕುಡಿಯಬಲ್ಲ ಮಗುವಿಗೆ ಓಆರ್‌ಎಸ್ ಕುಡಿಸುತ್ತಲೇ ಬನ್ನಿ.

ಕೊನೆಯ ಮಾತು

ಜಾತ್ರೆಯಲ್ಲಿ ಒಂದು ಕೂಸು ಕಂಕುಳಲ್ಲಿ, ಇನ್ನೊಂದು ಸೆರಗು ಹಿಡಿದು, ಮತ್ತೊಂದು ಹೊಟ್ಟೆಯಲ್ಲಿ ಇರುವ ತಾಯಂದಿರನ್ನು ನಾವು ನೋಡಿದ್ದೇವೆ. ಆಕೆಗೆ ಯಾವ ತೇರು, ಯಾವ ದರ್ಶನ? ಒಂದು ಹೆರಿಗೆಗೂ ಇನ್ನೊಂದು ಹೆರಿಗೆಗೂ ಕನಿಷ್ಠ ಮೂರು ವರ್ಷಗಳ ಅಂತರವಿದ್ದರೆ ಕೂಸಿಗೆ ಎರಡು ವರ್ಷ ತುಂಬುವವರೆಗೆ ನೆಮ್ಮದಿಯಾಗಿ ಎದೆಹಾಲು ದೊರೆಯುತ್ತದೆ, ತಾಯಿಯ ಮೈ ಚೇತರಿಸಿಕೊಳ್ಳುತ್ತದೆ. ಅದಕ್ಕಾಗಿ ನಿರೋಧ್, ಕಾಪರ್-ಟಿ, ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆ ಮುಂತಾದ ವಿಧಾನಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಯಾವುದು ನಿಮಗೆ ತಕ್ಕುದೆಂಬುದನ್ನು ಗಂಡ ಹೆಂಡತಿ ಇಬ್ಬರೂ ಕೂಡಿ ಬಂದು ವಿಚಾರಿಸಿ.

ನಾನು ಮೊದಲು ಹೇಳಿದ ಆ ಮಗುವಿನ ತಂದೆ ಮರುವರ್ಷ ಜಾತ್ರೆಗೆ ಮುಂಚೆ ಆಸ್ಪತ್ರೆಗೆ ಬಂದಿದ್ದರು. ಕಾಯಿಲೆಯೇನೂ ಇರಲಿಲ್ಲ, ಎರಡು ಓಆರ್‌ಎಸ್ ಪೊಟ್ಟಣಗಳನ್ನು ಕೇಳಿ ಪಡೆದುಕೊಂಡರು. ಹೆಗಲಿನ ಮೇಲೆ ಒಂದು ಹಳೆಯ ಸೀರೆ ಮಡಿಸಿಟ್ಟುಕೊಂಡಿದ್ದರು. "ಇದು ಯಾಕಪ್ಪ?" ಎಂದೆ. "ಅಡ್ಡ ಕಟ್ಟೋಕೆ ಸಾರ್" ಎಂದರು. ವೈದ್ಯನಾದ ನನಗೆ ಅದಕ್ಕಿಂತ ದೊಡ್ಡ ಸಂಭಾವನೆ ಬೇಕಿರಲಿಲ್ಲ.

ಈ ವರ್ಷದ ಜಾತ್ರೆಗೆ ನೀವೆಲ್ಲರೂ ಕೂಸುಗಳೊಡನೆ ಸುಖವಾಗಿ ಹೋಗಿ, ಸುಖವಾಗಿ ಮನೆಗೆ ಮರಳಿ ಬನ್ನಿರೆಂದು ಹಾರೈಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.